ಹದಿನೇಳನೇ ಬಿಲ್ಲೆ

ತಳ ಹಿಡಿದ ಹಾಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಒತ್ತಿ ತಿಕ್ಕುತ್ತಿದ್ದಾಗ ಕಿಟಕಿಯ ದಂಡೆಯ ಮೇಲಿದ್ದ ಫೋನು ಬಡಿದುಕೊಂಡಿತು. ಸಣ್ಣಕ್ಕ ಮೊದಲು ಕೇಳಿಸದವಳಂತೆ ಇದ್ದುಬಿಟ್ಟಳು. ಸಂಸಾರ ಶುರುಮಾಡಿದ ಮೂವತ್ತು ವರ್ಷದಲ್ಲಿ ಹಾಲು ಸೀಯಿಸಿದವಳಲ್ಲ. ಈ ಮೂರು ದಿನದಲ್ಲಿ ಇದು ಎರಡನೇ ಸಲ. ಒಲೆಯ ಮುಂದೆಯೇ ನಿಂತಿರುತ್ತಾಳೆ, ಕಣ್ಣೂ ಹಾಲಿನ ಮೇಲೆಯೇ ಇರುತ್ತದೆ, ಕಾಣುವುದು ಮಾತ್ರ ಬೇರೆ.

ಫೋನು ನಿಂತು ಮತ್ತೆ ಶುರುವಾಯಿತು. ನೊರೆ ಹತ್ತಿದ ಬೆರಳಲ್ಲೇ ಒತ್ತಿದಳು.

"ಸಣ್ಣಕ್ಕಾ, ನಾನು." ಲಾಂಡ್ರಿಯ ಸೂಪರ್‌ವೈಸರನ ದನಿ. "ಹನ್ನೊಂದಕ್ಕೆ ಸರಿಯಾಗಿ ಅಲ್ಲಿರ್ಬೇಕು. ನಮಗೆ ಕೊಟ್ಟಿರೋದು ಬರೀ ಮುಕ್ಕಾಲು ಗಂಟೆ. ಆಮೇಲೆ ಬೇರೆಯವರ ಹೆಣ ಬರತ್ತಂತೆ."

"ಗೊತ್ತು ಸರ್."

"ಮತ್ತೆ, ನೀವು ನಾಲ್ಕು ಮಾತಾಡ್ಬೇಕು. ಹನ್ನೆರಡು ವರ್ಷ ಒಂದೇ ಮಿಷಿನ್ನಲ್ಲಿ ಜೋಡಿ ನೀವಿಬ್ಬರು. ಹಸಿರಕ್ಕನ ಮನೋಬಲ, ಯಾವಾಗ್ಲೂ ನಗ್ತಾ ಇದ್ದದ್ದು, ಅದೆಲ್ಲ ಹೇಳಿ. ಬರೆದ ಚೀಟಿ ನಾನೇ ತರ್ತೀನಿ. ಬಿಲ್ಲೆನೂ ತರ್ತಿದ್ದೀನಿ."

ಪಾತ್ರೆ ಕೈಜಾರಿ ತೊಟ್ಟಿಯೊಳಗೆ ಬಿತ್ತು.

"ಯಾವ ಬಿಲ್ಲೆ?"

"ಹದಿನೇಳನೇದು, ಅವರದ್ದೇ. ಎರಡು ವರ್ಷದಲ್ಲಿ ಒಂದು ದಿನ ಕೂಡ ಅದು ಕೆಂಪಾಗಲಿಲ್ಲ ನೋಡಿ. ಕೊನೇ ದಿನವೂ ಹಸಿರೇ. ಪೆಟ್ಟಿಗೆ ಮೇಲೆ ಇಡೋಣ ಅಂತ."

ಸಣ್ಣಕ್ಕ ಫೋನು ಇಟ್ಟಳು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಕೊನೆಯ ದಿನ ಆ ಬಿಲ್ಲೆಯನ್ನು ಹಸಿರಿಗೆ ತಿರುಗಿಸಿದ್ದು ಅವಳು, ತನ್ನ ಈ ಬಲಗೈಯಿಂದ. ಅದು ಗೊತ್ತಿದ್ದದ್ದು ಲೋಕದಲ್ಲಿ ಇಬ್ಬರಿಗೇ. ಒಬ್ಬಳು ಈಗ ಪೆಟ್ಟಿಗೆಯೊಳಗಿದ್ದಳು.

*

ಆಸ್ಪತ್ರೆಯ ಲಾಂಡ್ರಿ ನೆಲಮಾಳಿಗೆಯಲ್ಲಿದೆ. ಅಲ್ಲಿ ಕಿಟಕಿಗಳಿಲ್ಲ, ಹೊರಗೆ ಮಳೆಯೋ ಬಿಸಿಲೋ ಎನ್ನುವುದನ್ನು ಮೇಲಿನಿಂದ ಇಳಿದು ಬಂದವರ ಚಪ್ಪಲಿ ನೋಡಿ ತಿಳಿಯಬೇಕು. ಒಗೆದ ಹಾಸುಬಟ್ಟೆಗಳು ಬಿಸಿ ರೋಲರಿನ ಈ ಕಡೆಯಿಂದ ಒದ್ದೆಯಾಗಿ ಹೋಗಿ ಆ ಕಡೆಯಿಂದ ಕಾಗದದಂತೆ ಗರಿಗರಿಯಾಗಿ ಬರುತ್ತವೆ. ಬಂದದ್ದನ್ನು ಇಬ್ಬರು ಹಿಡಿಯಬೇಕು, ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಮೂಲೆ. ಒಬ್ಬಳು ನಿಂತಲ್ಲೇ ನಿಲ್ಲುತ್ತಾಳೆ. ಇನ್ನೊಬ್ಬಳು ನಡೆದು ಬಂದು ತನ್ನ ಮೂಲೆಗಳನ್ನು ಅವಳ ಕೈಗೆ ಕೊಟ್ಟು, ಬಗ್ಗಿ ನಡುವಿನ ಮಡಿಕೆ ಹಿಡಿದು ಹಿಂದೆ ಹೋಗಿ, ಮತ್ತೆ ಬರುತ್ತಾಳೆ. ಒಂದು ಪಾಳಿಗೆ ಆರುನೂರು ಹಾಸು. ನಡೆದವಳ ಕಾಲು ಸಂಜೆಗೆ ಮರದ ಕೊರಡಾಗಿರುತ್ತದೆ. ಅದಕ್ಕೇ ಗಂಟೆಗೊಮ್ಮೆ ಜಾಗ ಬದಲಾಯಿಸಿಕೊಳ್ಳುವುದು ರೂಢಿ.

ಸಣ್ಣಕ್ಕ ಲಾಂಡ್ರಿಯಲ್ಲೆಲ್ಲ ಎತ್ತರದ ಹೆಂಗಸು, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವವಳು. ಮೊದಲ ದಿನವೇ ಅವಳನ್ನು ಕೆಳಗಿನಿಂದ ಮೇಲೆ ನೋಡಿ, "ಅಯ್ಯೋ ಪಾಪ, ಇಷ್ಟು ಸಣ್ಣವಳನ್ನ ಯಾರು ಕಳಿಸಿದ್ರು?" ಎಂದವಳು ಹಸಿರಕ್ಕ. ಅಲ್ಲಿಂದ ಅದೇ ಹೆಸರಾಯಿತು. ಮುಂದೆ ಹಸಿರಕ್ಕ ಬಸುರಿಯಾದಾಗ ಹಾಸಿನ ಮೂಲೆ ಕೊಡಲು ಹತ್ತಿರ ಬಂದರೆ ಹೊಟ್ಟೆ ಅಡ್ಡ ಬರುತ್ತಿತ್ತು. "ತಗೋ, ಮೂರನೇ ಕೆಲಸದವಳೂ ಸೇರ್ಕೊಂಡ್ಲು," ಎಂದು ನಗುತ್ತಿದ್ದಳು. ಆ ಮೂರನೆಯವಳೇ ಪುಟ್ಟಿ. ಈಗ ಅವಳಿಗೆ ಹತ್ತು ವರ್ಷ.

ಹಸಿರಕ್ಕನಿಗೆ ಆ ಹೆಸರು ಬಂದದ್ದು ಹಲಗೆ ಬಂದ ಮೇಲೆ. ಎರಡು ವರ್ಷದ ಹಿಂದೆ ಮೇಲಿನವರು ತರಬೇತಿಗೆಂದು ಒಬ್ಬರನ್ನು ಕಳಿಸಿದ್ದರು. ಕೆಲಸದಲ್ಲಿ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ, ಒಳ್ಳೆಯದನ್ನೇ ಯೋಚಿಸುವುದು ಹೇಗೆ ಎಂದು ಆತ ಎರಡು ಗಂಟೆ ಹೇಳಿದ. ಎಲ್ಲರೂ ಕಣ್ಣು ಮುಚ್ಚಿ ತಮ್ಮನ್ನು ಒಂದು ದೊಡ್ಡ ಮರವೆಂದುಕೊಳ್ಳಬೇಕೆಂದ. ಬಾಯ್ಲರ್ ನೋಡಿಕೊಳ್ಳುವವನು ಮರವಾಗಿ ಗೊರಕೆ ಹೊಡೆದ. ಹೋಗುವಾಗ ಆತ ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆಸಿ ಹೋದ. ಪ್ರತಿಯೊಬ್ಬರ ನಂಬರಿನ ಕೆಳಗೆ ಒಂದು ಮೊಳೆ, ಮೊಳೆಗೊಂದು ಬಿಲ್ಲೆ, ಒಂದು ಮುಖ ಹಸಿರು, ಇನ್ನೊಂದು ಕೆಂಪು. ಕೆಲಸಕ್ಕೆ ಬಂದ ಕೂಡಲೇ ಅವತ್ತಿನ ಮನಸ್ಸು ಹೇಗಿದೆಯೋ ಹಾಗೆ ಬಿಲ್ಲೆ ತಿರುಗಿಸಬೇಕು.

ಕೆಂಪು ಹಾಕಿದವರನ್ನು ಸೂಪರ್‌ವೈಸರ್ ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಿಸುತ್ತಿದ್ದ. ಆಮೇಲೆ ಮೇಲಿನ ನರ್ಸ್ ಬಳಿ ಕಳಿಸುತ್ತಿದ್ದ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ತಿಂಗಳಲ್ಲಿ ಮೂರು ಕೆಂಪಾದರೆ, ಮನಸ್ಸು ಹಗುರಾಗುವ ತನಕ ಎಂದು ಹೇಳಿ, ಕೊಳೆ ಬಟ್ಟೆ ವಿಂಗಡಿಸುವ ಕೋಣೆಗೆ ಹಾಕುತ್ತಿದ್ದರು. ಆ ಕೋಣೆಯಲ್ಲಿ ವಾರ ಕಳೆದವರ ಮನಸ್ಸು ಹಗುರಾದದ್ದನ್ನು ಯಾರೂ ಕಂಡಿಲ್ಲ. ಹೀಗಾಗಿ ಎಲ್ಲರ ಮನಸ್ಸೂ ದಿನಾ ಹಸಿರಾಗಿಯೇ ಇತ್ತು.

ಸಣ್ಣಕ್ಕನ ಗಂಡ ತೀರಿಕೊಂಡ ತಿಂಗಳು ಅವಳ ಬಿಲ್ಲೆ ಎರಡು ಸಲ ಕೆಂಪಾಯಿತು. ಮೂರನೇ ಸಲವೂ ಅವಳ ಕೈ ತಾನಾಗಿ ಕೆಂಪನ್ನೇ ತಿರುಗಿಸಿತು. ಸೂಪರ್‌ವೈಸರ್ ಬರುವ ಮೊದಲೇ ಹಸಿರಕ್ಕ ಅದನ್ನು ಹಸಿರಿಗೆ ಮಗುಚಿ, ಅವಳನ್ನು ರೋಲರಿನ ಮುಂದೆ ನಿಲ್ಲಿಸಿದ್ದಳು.

"ಇವತ್ತು ನೀನು ನಿಲ್ಲು. ನಾನು ನಡೀತೀನಿ."

"ನನಗೆ ಅಳು ಬರ್ತಿದೆ ಕಣೇ."

"ಬರಲಿ. ಹತ್ತು ಹಾಸು ಆಗ್ಲಿ, ಆಮೇಲೆ ಅಳು. ಹತ್ತಾದ ಮೇಲೂ ಬಂದ್ರೆ ಹೇಳು, ನಾನೂ ಸೇರ್ಕೋತೀನಿ. ಒಬ್ಬಳೇ ಅತ್ರೆ ಚೆನ್ನಾಗಿ ಕಾಣಲ್ಲ."

ಹತ್ತಾಯಿತು, ಇನ್ನು ಹತ್ತು ಆಯಿತು. ಅವತ್ತು ಹಸಿರಕ್ಕ ಎಂಟು ಗಂಟೆ ಒಂದೇ ಸಮ ನಡೆದಳು. ಹಾಗೆ ಅವಳು ನಡೆದದ್ದು ಸಣ್ಣಕ್ಕನಿಗಾಗಿ ಮಾತ್ರವಲ್ಲ. ಯಾರ ಮುಖ ಬಾಡಿದ್ದರೂ ಅವರ ಎದುರು ಮೂಲೆ ಹಿಡಿದು ನಿಲ್ಲುತ್ತಿದ್ದಳು. ಲಾಂಡ್ರಿಯಲ್ಲಿ ಒಬ್ಬರೂ ಕೆಲಸ ಬಿಟ್ಟು ಓಡದೆ ಉಳಿದದ್ದು ಗೋಡೆಯ ಹಲಗೆಯಿಂದಲ್ಲ. ಅವತ್ತಿನಿಂದ ಅಲ್ಲಿ ಒಂದು ಬರೆಯದ ಕಟ್ಟಳೆ ಹುಟ್ಟಿತು: ಯಾರ ಬಿಲ್ಲೆಯಾದರೂ ಕೆಂಪು ಕಂಡರೆ, ಮೊದಲು ಕಂಡವರು ಹಸಿರಿಗೆ ತಿರುಗಿಸಬೇಕು, ಆಮೇಲೆ ಅವರನ್ನು ನೋಡಿಕೊಳ್ಳಬೇಕು.

*

ಸ್ಮಶಾನದ ಪಕ್ಕದ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಆರು ಸಾಲು ಹಾಕಿದ್ದರು. ಗೋಡೆಗೆ ಹೊಸ ಬಣ್ಣದ ವಾಸನೆ. ಮುಂದೆ ಎರಡು ಮೇಜು ಜೋಡಿಸಿ ಅದರ ಮೇಲೆ ಪೆಟ್ಟಿಗೆ ಇಟ್ಟಿದ್ದರು. ಹಸಿರಕ್ಕನ ಮುಖ ಸ್ವಲ್ಪ ಸಿಟ್ಟಾದಂತೆ ಕಾಣುತ್ತಿತ್ತು. ಬದುಕಿದ್ದಾಗ ಆ ಮುಖದಲ್ಲಿ ಯಾರೂ ಕಾಣದ ಸಿಟ್ಟು. ಸಣ್ಣಕ್ಕ ಹೆಚ್ಚು ಹೊತ್ತು ನೋಡಲಾರದೆ ಹಿಂದೆ ಸರಿದಳು.

"ನಿಮ್ಮನ್ನ ಮಾತಾಡಿಸ್ತಾರಂತಲ್ಲ ಸಣ್ಣಕ್ಕ," ಎಂದ ಬಾಯ್ಲರಿನವನು, ಟೋಪಿಯನ್ನು ಕೈಯಲ್ಲಿ ಹಿಂಡುತ್ತ. "ಮೈಕನ್ನ ಮೊದಲು ಎತ್ತರಿಸ್ಕೊಳ್ಳಿ. ಇಲ್ದಿದ್ರೆ ನಿಮ್ಮ ಹೊಟ್ಟೆ ಮಾತಾಡೋದು ಕೇಳ್ಬೇಕಾಗತ್ತೆ ನಾವು."

"ಇವತ್ತೂ ತಮಾಷೆನಾ ನಿಂಗೆ?"

"ತಮಾಷೆ ಬಿಟ್ರೆ ಅಳ್ತೀನಿ ಅಕ್ಕಾ. ನಂಗೆ ಹತ್ತು ಹಾಸು ಎಣಿಸಿ ಕೊಡೋಳು ಅಲ್ಲಿ ಮಲಗಿದ್ದಾಳೆ."

ಅಷ್ಟರಲ್ಲಿ ಸೂಪರ್‌ವೈಸರ್ ಬಂದು ಅವಳನ್ನು ಬಾಗಿಲ ಮರೆಗೆ ಕರೆದ. ಗಡ್ಡ ತೆಗೆದಿರಲಿಲ್ಲ. ಚೀಟಿಯನ್ನು ಅವಳ ಕೈಗೆ ತುರುಕಿ, ದನಿ ತಗ್ಗಿಸಿ ಹೇಳಿದ: "ಎರಡು ಗಂಟೆ ಮೊದಲು ಸಿಕ್ಕಿದ್ರೆ ಏನಾದ್ರೂ ಮಾಡಬಹುದಿತ್ತು ಅಂದ್ರು ಡಾಕ್ಟ್ರು. ಅದು ಕೇಳಿದಾಗಿಂದ ನನಗೆ ಅನ್ನ ಇಳೀತಿಲ್ಲ. ಅವತ್ತು ನಾನು ಹಲಗೆ ಸರಿಯಾಗಿ ನೋಡಿದೆ ಸಣ್ಣಕ್ಕ, ಆಣೆಯಿಟ್ಟು ಹೇಳ್ತೀನಿ. ಹಸಿರಿತ್ತು. ಕೆಂಪಿದ್ದಿದ್ರೆ ಏಳೂವರೆಗೇ ನರ್ಸ್ ಹತ್ರ ಕಳಿಸ್ತಿದ್ನಲ್ವಾ? ಅದೊಂದೇ ನನಗೆ ಸಮಾಧಾನ."

"ಹೌದು ಸರ್," ಎಂದಳು ಸಣ್ಣಕ್ಕ. ತನ್ನ ದನಿ ತನಗೇ ಬೇರೆ ಯಾರದೋ ಅನಿಸಿತು.

ಮುಂದಿನ ಸಾಲಿನಲ್ಲಿ ಪುಟ್ಟಿ ಅಜ್ಜಿಯ ಪಕ್ಕ ಕೂತಿದ್ದಳು. ಬೆನ್ನು ನೆಟ್ಟಗೆ, ಕೈಗಳು ತೊಡೆಯ ಮೇಲೆ, ಪರೀಕ್ಷೆಗೆ ಕೂತವಳ ಹಾಗೆ. ಸಣ್ಣಕ್ಕನನ್ನು ಕಂಡದ್ದೇ ಎದ್ದು ಬಂದು ಅವಳ ತೋಳು ಹಿಡಿದಳು.

"ಸಣ್ಣತ್ತೆ, ಒಂದು ಕೇಳ್ಲಾ?"

"ಮೂರು ದಿನದಿಂದ ಇದೇ ರಾಗ," ಎಂದಳು ಅಜ್ಜಿ, ಮೂಗು ಒರೆಸಿಕೊಳ್ಳುತ್ತ. "ಒಂದು ಕೇಳ್ಲಾ ಅಂತಾಳೆ. ಏನು ಅಂದ್ರೆ, ನಿಮ್ಮನ್ನಲ್ಲ, ಲಾಂಡ್ರಿಯವರನ್ನ ಅಂತಾಳೆ. ಈಗ ಬೇಡ ಪುಟ್ಟಿ. ದೊಡ್ಡವರು ದುಃಖದಲ್ಲಿದ್ದಾರೆ. ಬಾಯಿ ಮುಚ್ಕೊಂಡು ಕೂತ್ಕೋ."

ಪುಟ್ಟಿ ತೋಳು ಬಿಡಲಿಲ್ಲ. "ಬೆಳಗ್ಗೆ ಹಲಗೆ ಹತ್ರ ಎಲ್ಲರಿಗಿಂತ ಮೊದಲು ಯಾರು ಬರ್ತಾರೆ?"

ಸಣ್ಣಕ್ಕ ಚೀಟಿಯನ್ನು ಮಡಚಿದಳು. "ನಿಮ್ಮಮ್ಮನೇ, ಕಂದಾ."

"ಅವಳಾದ್ಮೇಲೆ?"

ಸಭಾಂಗಣದ ಗದ್ದಲವೆಲ್ಲ ಒಂದು ಕ್ಷಣ ದೂರ ಸರಿದಂತಾಯಿತು. ಆ ಕಣ್ಣುಗಳಲ್ಲಿ ಆರೋಪವಿರಲಿಲ್ಲ. ಲೆಕ್ಕದ ಪುಸ್ತಕ ಹಿಡಿದು ಬಂದು ಎಲ್ಲಿ ತಪ್ಪಿತೆಂದು ಕೇಳುವ ಮಗುವಿನ ಕಣ್ಣು ಅವು.

"ನೀರು ಕುಡೀತೀಯಾ?" ಎಂದಳು ಸಣ್ಣಕ್ಕ.

ಪುಟ್ಟಿ ಅವಳನ್ನೇ ನೋಡಿದಳು. ಮೆಲ್ಲಗೆ ತೋಳು ಬಿಟ್ಟಳು. "ಬೇಡ."

ಬೇಡವೆಂದರೂ ಸಣ್ಣಕ್ಕ ಓಡಿದಳು. ಸಭಾಂಗಣದ ಹಿಂದಿನ ಓಣಿಯಲ್ಲಿ ನೀರಿನ ಡ್ರಮ್ಮಿನ ಬಳಿ ಹಸಿರಕ್ಕನ ಗಂಡ ನಿಂತಿದ್ದ. ಬಸ್ ಡ್ರೈವರ್, ಯಾವಾಗಲೂ ಎದುರಿನ ರಸ್ತೆ ನೋಡಿದ ಹಾಗೆ ನೋಡುವವನು. ಈಗ ಗೋಡೆ ನೋಡುತ್ತಿದ್ದ.

"ಐದಕ್ಕೇ ಬಸ್ ತಗೊಂಡು ಹೋಗಿದ್ದೆ ನಾನು," ಎಂದ, ಯಾರೋ ಕೇಳಿದರೆಂಬಂತೆ. "ಪುಟ್ಟಿನೇ ಕಂಡಿದ್ದು. ಎಡಗೈ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿದ್ಲಂತೆ. ಹೋಗ್ಬೇಡ ಅಂತ ಮಗು ಹಟ ಮಾಡಿದೆ. ಅದಕ್ಕೆ ಇವಳು, ಇವತ್ತು ಖಂಡಿತ ಕೆಂಪು ಹಾಕ್ತೀನಿ, ನರ್ಸಮ್ಮಂಗೆ ತೋರಿಸ್ತೀನಿ ಅಂತ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಲಂತೆ. ಅಷ್ಟು ಹೇಳಿದ್ದು ಪುಟ್ಟಿ. ಆಮೇಲೆ ನಮ್ಮ ಹತ್ರ ಅದರ ಮಾತೇ ಎತ್ತಿಲ್ಲ."

ಸಣ್ಣಕ್ಕನ ಕೈಯಲ್ಲಿದ್ದ ಲೋಟ ತುಂಬಿ ನೀರು ಚೆಲ್ಲುತ್ತಿತ್ತು.

"ನೋಡಿ, ಹಾಕಲೇ ಇಲ್ಲ. ಮಗಳಿಗೆ ಮಾತು ಕೊಟ್ಟು, ಅಲ್ಲಿ ಹೋಗಿ ಎಲ್ಲರಿಗೂ ನಗುಮುಖ ತೋರಿಸಿದ್ಲು. ಯಾರಿಗೆ ಬೇಕಿತ್ತು ಅವಳ ಹಸಿರು?" ಮತ್ತೆ ಗೋಡೆಯ ಕಡೆ ತಿರುಗಿದ. "ನಂಗೆ ಅವಳ ಮೇಲೆ ಕೆಟ್ಟ ಕೋಪ ಬರ್ತಿದೆ ಸಣ್ಣಕ್ಕ. ಸತ್ತವಳ ಹತ್ರ ಜಗಳ ಆಡೋದು ಹೇಗೆ, ನೀವೇ ಹೇಳಿ."

*

ಅವತ್ತು ಸಣ್ಣಕ್ಕ ಬಂದಾಗ ಏಳಕ್ಕೆ ಐದು ನಿಮಿಷವಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಹಸಿರಕ್ಕನ ಚಪ್ಪಲಿಯ ಸದ್ದು. ಹಲಗೆಯ ಮೇಲೆ ಎಲ್ಲ ಬಿಲ್ಲೆಗಳೂ ಹಿಂದಿನ ದಿನದ ಹಸಿರಲ್ಲೇ ಇದ್ದವು, ಹದಿನೇಳನೆಯದೊಂದನ್ನು ಬಿಟ್ಟು.

ಸಣ್ಣಕ್ಕ ಯೋಚಿಸಲಿಲ್ಲ. ಅದೇ ಆಮೇಲೆ ಅವಳನ್ನು ತಿಂದದ್ದು: ಒಂದು ಉಸಿರಿನಷ್ಟೂ ಯೋಚಿಸಲಿಲ್ಲ. ಕೆಂಪು ಕಂಡಿತು, ಕೈ ಹೋಯಿತು, ಬಿಲ್ಲೆ ತಿರುಗಿತು. ಮನೆಯಲ್ಲಿ ಏನೋ ಆಗಿರಬೇಕು, ಮಿಷಿನ್ ಹತ್ತಿರ ಕೇಳಿದರಾಯಿತು, ಆಫೀಸಿನವರಿಗೆ ಯಾಕೆ ಎಂಬುದು ತಿರುಗಿಸಿದ ಮೇಲೆ ಬಂದ ಯೋಚನೆ. ಹಸಿರಕ್ಕ ತನಗೆ ಮಾಡಿದ್ದನ್ನು ಒಂದು ದಿನವಾದರೂ ತಾನು ಅವಳಿಗೆ ಮಾಡಿದೆನಲ್ಲ ಎಂದು ಅವಳಿಗೆ ಹಿತವೂ ಆಗಿತ್ತು.

ಹಸಿರಕ್ಕ ಹೊರಗೆ ಬಂದು ಹಲಗೆ ನೋಡಿದಳು. ಸಣ್ಣಕ್ಕನನ್ನು ನೋಡಿದಳು.

"ನೀನಾ?"

"ಮತ್ತಿನ್ಯಾರು?"

ಹಸಿರಕ್ಕ ಏನೋ ಹೇಳಲು ಬಾಯಿ ತೆರೆದಳು. ಆಗಲೇ ಸೂಪರ್‌ವೈಸರ್ ಪುಸ್ತಕ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದ. ಈಗ ಅವನೆದುರು ಬಿಲ್ಲೆ ಮತ್ತೆ ತಿರುಗಿಸಿದರೆ ತಿರುಗಿಸಿದವರು ಯಾರೆಂಬ ಮಾತು ಬರುತ್ತದೆ; ಮಾತು ಬಂದರೆ, ಬೇರೆಯವರ ಬಿಲ್ಲೆ ಮುಟ್ಟಿದ್ದಕ್ಕೆ ಸಣ್ಣಕ್ಕ ಕೊಳೆ ಕೋಣೆಗೆ. ಹಸಿರಕ್ಕ ಬಾಯಿ ಮುಚ್ಚಿ ಸ್ವಲ್ಪ ನಕ್ಕಳು.

"ಸರಿ ಬಿಡು. ಭುಜ ಎಳೀತಿದೆ, ಒಂದ್ಸಲ ಮೇಲೆ ಹೋಗಿ ಬರೋಣ ಅಂತಿದ್ದೆ. ಊಟದ ಹೊತ್ತಿಗೆ ಹೋದ್ರಾಯ್ತು."

ಕೆಂಪು ಬಿಲ್ಲೆಯಿಲ್ಲದೆ ಊಟದ ಗಂಟೆಯ ಮೊದಲು ಮಿಷಿನ್ ಬಿಟ್ಟು ಹೋಗುವಂತಿರಲಿಲ್ಲ.

"ಹಾಗಾದ್ರೆ ಇವತ್ತು ನೀನು ನಿಲ್ಲು," ಎಂದಳು ಸಣ್ಣಕ್ಕ. "ನಾನು ನಡೀತೀನಿ."

ನಡೆದಳು. ಒಂದೊಂದು ಹಾಸಿಗೂ ನಾಲ್ಕು ಸಲ ಹೋಗಿ ಬಂದು, ಮೂಲೆಗಳನ್ನು ಹಸಿರಕ್ಕನ ಕೈಯಲ್ಲಿಟ್ಟಳು. ಆ ಕೈ ತಣ್ಣಗಿತ್ತು. ಬಿಸಿ ಬಟ್ಟೆ ಹಿಡಿದ ಕೈ ತಣ್ಣಗಿರುವುದು ಹೇಗೆಂದು ಒಮ್ಮೆ ಅನಿಸಿತು. ಮುಂದಿನ ಹಾಸು ಬಂತು, ಮರೆಯಿತು. ಹನ್ನೊಂದೂಕಾಲಿಗೆ ಅವಳು ಮೂಲೆ ಕೊಡಲು ಬಂದಾಗ ತೆಗೆದುಕೊಳ್ಳುವ ಕೈ ಎದುರಿಗಿರಲಿಲ್ಲ. ಹಸಿರಕ್ಕ ತಳ್ಳುಗಾಡಿಯ ಅಂಚಿನ ಮೇಲೆ ಕೂತಿದ್ದಳು, ಮಡಚಿದ ಬಟ್ಟೆಗಳ ಮೇಲೆ ತಲೆಯಿಟ್ಟು.

ನರ್ಸಿನ ಕೋಣೆಗೆ ಒಂದೇ ಮಹಡಿ, ಇಪ್ಪತ್ತೆರಡು ಮೆಟ್ಟಿಲು. ಅದನ್ನು ಸಣ್ಣಕ್ಕ ಆಮೇಲೆ ಎಣಿಸಿದ್ದಳು.

*

"ಕಷ್ಟ ಎಲ್ಲರಿಗೂ ಇರುತ್ತದೆ," ಎನ್ನುತ್ತಿದ್ದ ಸೂಪರ್‌ವೈಸರ್ ಮೈಕಿನಲ್ಲಿ. "ಅದನ್ನು ಮೀರಿ ನಿಲ್ಲುವ ಮನಸ್ಸು ಕೆಲವರಿಗೇ ಇರುತ್ತದೆ. ಈ ಬಿಲ್ಲೆ ನೋಡಿ. ಕೊನೆಯ ದಿನವೂ ಹಸಿರು. ಇದು ನಮಗೆಲ್ಲ ಪಾಠ." ಜೇಬಿನಿಂದ ಬಿಲ್ಲೆ ತೆಗೆದು ಪೆಟ್ಟಿಗೆಯ ಅಂಚಿನ ಮೇಲೆ ಇಟ್ಟ. ಹಸಿರು ಮುಖ ಮೇಲಿತ್ತು.

ಪುಟ್ಟಿ ಎದ್ದು ನಿಂತಳು. ಅಜ್ಜಿ ಅವಳ ಲಂಗ ಹಿಡಿದು ಎಳೆದು ಕೂರಿಸಿದಳು. ಮತ್ತೆ ಎದ್ದಳು, ಮತ್ತೆ ಎಳೆದಳು. ಬಾಗಿಲಲ್ಲಿ ನಿಂತಿದ್ದ ಸ್ಮಶಾನದ ಗುಮಾಸ್ತ ಹತ್ತು ಬೆರಳು ತೋರಿಸಿದ: ಇನ್ನು ಹತ್ತೇ ನಿಮಿಷ.

"ಈಗ ಸಣ್ಣಕ್ಕ ಎರಡು ಮಾತಾಡ್ತಾರೆ."

ಐದು ಹೆಜ್ಜೆಯ ದೂರ ಅದು. ಸಣ್ಣಕ್ಕ ನಡೆದಳು. ಮೈಕಿನ ಮುಂದೆ ನಿಂತು ಚೀಟಿ ಬಿಡಿಸಿದಳು. ಅಕ್ಷರಗಳು ದುಂಡಗೆ, ಚೆಂದಾಗಿ ಇದ್ದವು. ಓದಿ ಮುಗಿಸಿದರೆ ಆಯಿತು. ಪೆಟ್ಟಿಗೆ ಮುಚ್ಚುತ್ತಾರೆ, ಎತ್ತಿಕೊಂಡು ಹೋಗುತ್ತಾರೆ. ಸೂಪರ್‌ವೈಸರನಿಗೆ ಊಟ ಇಳಿಯುತ್ತದೆ. ನಾಳೆ ಏಳಕ್ಕೆ ಹಲಗೆ ಅಲ್ಲೇ ಇರುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ.

"ನಮ್ಮ ಪ್ರೀತಿಯ ಹಸಿರಕ್ಕ," ಎಂದು ಓದಿದಳು, "ತನ್ನ ನೋವನ್ನು ಎಂದೂ ಯಾರಿಗೂ..."

ಮುಂದಿನ ಪದ ಕಣ್ಣಿಗೆ ಕಾಣುತ್ತಿತ್ತು. ನಾಲಿಗೆಗೆ ಬರಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಓದಿದಳು, ಅಲ್ಲಿಗೇ ಬಂದು ನಿಂತಳು. ಹೇಳಿಕೊಂಡಿದ್ದಳು. ಹಸಿರಕ್ಕ ಹೇಳಿಕೊಂಡಿದ್ದಳು, ಎರಡು ವರ್ಷದಲ್ಲಿ ಒಂದೇ ಒಂದು ಸಲ, ಎಲ್ಲರಿಗೂ ಕಾಣುವ ಗೋಡೆಯ ಮೇಲೆ. ಈ ಚೀಟಿಯನ್ನು ಕೊನೆಯವರೆಗೆ ಓದಿದರೆ ಮೊದಲ ಸಾಲಿನಲ್ಲಿ ಕೂತ ಆ ಮಗು ಇನ್ನು ಬದುಕಿರುವಷ್ಟು ಕಾಲ, ನಮ್ಮಮ್ಮ ಮಾತು ತಪ್ಪಿದಳು ಎಂದುಕೊಳ್ಳುತ್ತದೆ.

ಕುರ್ಚಿಗಳು ಕಿರುಗುಟ್ಟಿದವು. ಯಾರೋ ಹಿಂದಿನಿಂದ, "ಪಾಪ, ಅಳು ಬಂದಿದೆ. ಬಿಡಿ, ಕೂತ್ಕೊಳ್ಳಲಿ," ಎಂದರು.

"ಅಳು ಬಂದಿಲ್ಲ," ಎಂದಳು ಸಣ್ಣಕ್ಕ. ಮೈಕು ಅವಳ ಎದೆಗಿಂತ ಕೆಳಗಿತ್ತು. ಆದರೂ ಸಭಾಂಗಣಕ್ಕೆಲ್ಲ ಕೇಳಿಸಿತು. "ಇದನ್ನ ನನಗೆ ಓದಕ್ಕಾಗಲ್ಲ ಸರ್." ಚೀಟಿಯನ್ನು ಮೈಕಿನ ಪಕ್ಕದ ಕುರ್ಚಿಯ ಮೇಲಿಟ್ಟಳು. "ಪುಟ್ಟೀ, ಬಾ ಇಲ್ಲಿ."

"ಮಗು ಯಾಕೆ? ಬೇಡ ಬೇಡ," ಎಂದಳು ಅಜ್ಜಿ. "ಅದಕ್ಕೇನು ತಿಳಿಯತ್ತೆ?"

"ಸಣ್ಣಕ್ಕ, ಟೈಮಿಲ್ಲ," ಎಂದ ಸೂಪರ್‌ವೈಸರ್.

"ಇರೋ ಟೈಮು ನಂದಲ್ವಾ ಸರ್, ಅದನ್ನ ಅವಳಿಗೆ ಕೊಟ್ಟೆ." ಅವಳು ಅಜ್ಜಿಯ ಕಡೆ ತಿರುಗಿದಳು. "ಮೂರು ದಿನದಿಂದ ಒಂದು ಕೇಳ್ಲಾ ಅಂತಿದೆ ಅಮ್ಮ, ಅದು. ನೀವು ಗದರಿಸಿ ಬಾಯಿ ಮುಚ್ಚಿಸಿದ್ರಿ. ನಾನು ನೀರು ಕೊಟ್ಟು ಮುಚ್ಚಿಸಿದೆ. ನನ್ನದೇ ಹೆಚ್ಚು ತಪ್ಪು. ಬಿಡಿ ಅವಳನ್ನ."

ಅಜ್ಜಿಯ ಕೈ ಸಡಿಲವಾಯಿತು. ಬಾಗಿಲ ಬಳಿ ನಿಂತಿದ್ದ ಡ್ರೈವರ್ ಒಂದು ಹೆಜ್ಜೆ ಮುಂದೆ ಬಂದು ನಿಂತ.

ಪುಟ್ಟಿ ಬಂದಳು. ಮೊದಲು ಸಣ್ಣಕ್ಕನ ಬಳಿಗಲ್ಲ, ಪೆಟ್ಟಿಗೆಯ ಬಳಿಗೆ. ತುದಿಗಾಲಲ್ಲಿ ನಿಂತು ಬಿಲ್ಲೆ ತೆಗೆದುಕೊಂಡಳು. ಹಸಿರು ಮುಖ ಎರಡು ವರ್ಷದ ಬೆಳಕಿಗೆ ಮಾಸಿ, ಅಲ್ಲಲ್ಲಿ ಸುಲಿದು, ಹಳೆಯ ಕಾಸಿನಂತಾಗಿತ್ತು. ಅವಳು ಅದನ್ನು ಮಗುಚಿದಳು. ಇನ್ನೊಂದು ಮುಖ ಅವತ್ತೇ ಅಂಗಡಿಯಿಂದ ತಂದಷ್ಟು ಹೊಸದು. ಮೇಲಿನ ದೀಪದ ಬೆಳಕು ಅದರ ಮೇಲೆ ಬಿದ್ದು ಕೆಂಪಗೆ ಅವಳ ಗಲ್ಲಕ್ಕೆ ಹತ್ತಿತು. ಹಿಂದಿನ ಸಾಲುಗಳಲ್ಲಿ ಲಾಂಡ್ರಿಯ ಹೆಂಗಸರ ತಲೆಗಳು ಒಂದಾದ ಮೇಲೊಂದು ಬಗ್ಗಿದವು. ಬಾಯ್ಲರಿನವನು ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

ಸಣ್ಣಕ್ಕ ಮೈಕು ಬಿಟ್ಟು, ನೆಲಕ್ಕೆ ಮೊಣಕಾಲೂರಿ ಕೂತಳು. ಈಗ ಇಬ್ಬರ ಮುಖಗಳೂ ಒಂದೇ ಎತ್ತರದಲ್ಲಿದ್ದವು.

"ಕೇಳು ಕಂದಾ. ನನ್ನ ಹತ್ರ ಉತ್ತರ ಇದೆ."

ಪುಟ್ಟಿ ಬಿಲ್ಲೆಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಳು, ಕೆಂಪು ಎಲ್ಲರಿಗೂ ಕಾಣುವ ಹಾಗೆ.

"ಅಮ್ಮ ಕೆಂಪು ಹಾಕಿದ್ಲು ಅಲ್ವಾ, ಸಣ್ಣತ್ತೆ? ಮತ್ತೆ ಯಾರು ಅದನ್ನ ತಿರುಗಿಸಿದ್ದು?"